ಚೈನ್ ಸಾ ಕಾರ್ಬೋರೇಟರ್: ಸ್ಕ್ರೂಗೆ ಕೈ ಹಾಕುವ ಮೊದಲು ಏನು ನೋಡಬೇಕು, ಆಮೇಲೆ ಏನು ಮಾಡಬೇಕು

ಮಾವಿನಕಾಯಿ ಇಳಿಸಿ ಮುಗಿದು ಕೊಂಬೆ ಸವರುವ ಕೆಲಸ ಶುರುವಾಯಿತೆಂದರೆ ಶ್ರೀನಿವಾಸಪುರ, ಮುಳಬಾಗಿಲು ಕಡೆಯಿಂದ ಒಂದೇ ಥರದ ಫೋನ್ ಬರುತ್ತದೆ. "ಅಣ್ಣ, ಮಿಷಿನ್ ಸ್ಟಾರ್ಟ್ ಆಗ್ತದೆ, ರೇಸ್ ಕೊಟ್ರೆ ಆಫ್ ಆಗ್ತದೆ." ನಾನು ಮೊದಲು ಕೇಳುವುದು, "ಸ್ಕ್ರೂ ತಿರುಗಿಸಿದ್ಯೇನಪ್ಪ?" ನಾನು ಹೇಳುವುದು ಚೈನ್ ಸಾ ಕಾರ್ಬೋರೇಟರ್ ಸ್ಕ್ರೂ. ಕಾರ್ಬೋರೇಟರ್ (ಕಾರ್ಬ್) ಎಂದರೆ ಪೆಟ್ರೋಲನ್ನು ಗಾಳಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ. ಹೆಚ್ಚಿನವರು ಅದನ್ನು ತಿರುಗಿಸಿಯೇ ಇರುತ್ತಾರೆ. ಎಷ್ಟು ಸುತ್ತು ಅಂದರೆ ನೆನಪಿರುವುದಿಲ್ಲ.

ಅಲ್ಲಿಗೆ ಒಂದು ತೊಂದರೆ ಎರಡಾಯಿತು. ಒಳಗಿದ್ದ ಕಸ ಒಳಗೇ ಇದೆ, ಸೆಟ್ಟಿಂಗೂ ಕೆಟ್ಟಿದೆ. ನೀಲಗಿರಿ ಕೊಯ್ಯುವ ಕೂಲಿಗೆ ಹೋಗುವ ಒಬ್ಬ ಹುಡುಗ ತನ್ನ 58 ಸಿಸಿ ಮಿಷಿನ್ ತಂದಿದ್ದ. ಸೈಲೆನ್ಸರ್ ಬಿಚ್ಚಿ ಟಾರ್ಚ್ ಹಾಕಿದೆ. ಪಿಸ್ಟನ್ ಮೈ ತುಂಬಾ ಉದ್ದುದ್ದ ಗೀರು, ಸಿಲಿಂಡರ್ ಗೋಡೆಗೆ ಅಲ್ಯೂಮಿನಿಯಂ ಮೆತ್ತಿಕೊಂಡಿತ್ತು. ಪೂರ್ತಿ ರೇಸಿಗೆ ಪೆಟ್ರೋಲ್ ಬಿಡುವ ಎಚ್ ಸ್ಕ್ರೂ ಅರ್ಧ ಸುತ್ತೂ ತೆರೆದಿರಲಿಲ್ಲ. "ಸೌಂಡ್ ಚೆನ್ನಾಗಿತ್ತಣ್ಣ, ಅದಕ್ಕೇ ಹಂಗೇ ಬಿಟ್ಟೆ" ಅಂದ. ಅದು ಅವನ ದಿನದ ದುಡಿಮೆಯ ಮಿಷಿನ್. ಇನ್ನೊಬ್ಬರಿಗೆ ಹಾಗಾಗಬಾರದು ಎಂದೇ ಇದನ್ನು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ. ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ. ನಡುವೆ ಒಂದನ್ನೂ ಹಾರಬೇಡಿ.

## ಹಂತ 1: ಸಾಮಾನು ಜೋಡಿಸಿ, ಮಿಷಿನ್ ಗುರುತಿಸಿ

ಬೇಕಾದದ್ದು ಇಷ್ಟು: ಕಾರ್ಬೋರೇಟರ್ ಸ್ಕ್ರೂಗೆ ಸರಿಯಾಗಿ ಕೂರುವ ಸಣ್ಣ ಸ್ಕ್ರೂಡ್ರೈವರ್, ಪ್ಲಗ್ ಸ್ಪ್ಯಾನರ್, ಮಿಷಿನ್ನಿಗೆ ತಕ್ಕ ಅಲೆನ್ ಕೀ ಅಥವಾ ನಕ್ಷತ್ರ ತಲೆಯ ಕೀ, 8 ಎಂಎಂ ಬಾಕ್ಸ್ ಸ್ಪ್ಯಾನರ್, ಕಾರ್ಬ್ ಕ್ಲೀನರ್ ಸ್ಪ್ರೇ, ಹಳೆ ಟೂತ್ ಬ್ರಶ್, ಒಂದು ಸ್ಟೀಲ್ ತಟ್ಟೆ, ಬಿಳಿ ಬಟ್ಟೆ. ತಟ್ಟೆ ಇಲ್ಲದೆ ಕಾರ್ಬ್ ಬಿಚ್ಚಬೇಡಿ. ಒಳಗಿನ ಸ್ಪ್ರಿಂಗ್ ಅಕ್ಕಿಕಾಳಿನಷ್ಟು. ಮಣ್ಣಿಗೆ ಬಿದ್ದರೆ ಸಿಗುವುದಿಲ್ಲ.

ಕೆಲವು ಕಂಪನಿಗಳ ಸ್ಕ್ರೂ ತಲೆ ಚಪ್ಪಟೆ ಇರುವುದಿಲ್ಲ. ಹಲ್ಲುಹಲ್ಲಾಗಿಯೋ, ಇಂಗ್ಲಿಷಿನ ಡಿ ಅಕ್ಷರದ ಹಾಗೋ ಇರುತ್ತದೆ. ಅದಕ್ಕೆ ಬೇರೆ ಡ್ರೈವರ್ ಸಿಗುತ್ತದೆ, ಅದನ್ನೇ ತನ್ನಿ. ಕಟಿಂಗ್ ಪ್ಲೇಯರ್ ಹಾಕಿ ತಿರುಗಿಸಿದರೆ ಹಿತ್ತಾಳೆ ತಲೆ ಮುರಿಯುತ್ತದೆ, ಅಲ್ಲಿಗೆ ಕಾರ್ಬ್ ಕೆಲಸ ಮುಗಿಯಿತು.

ಈಗ ಸ್ಕ್ರೂ ಗುರುತು ನೋಡಿ. ಎಲ್ ಎಂದರೆ ಕಡಿಮೆ ವೇಗದ ಪೆಟ್ರೋಲ್. ಎಚ್ ಎಂದರೆ ಪೂರ್ತಿ ರೇಸ್ ಕೊಟ್ಟಾಗಿನ ಪೆಟ್ರೋಲ್. ಟಿ ಎಂದರೆ ಐಡಲಿಂಗ್, ಅಂದರೆ ರೇಸ್ ಕೊಡದೆ ಎಂಜಿನ್ ಸುಮ್ಮನೆ ಓಡುವ ವೇಗ. ಕೆಲವು ಮಿಷಿನ್‌ಗಳಲ್ಲಿ ಟಿ ಬದಲು ಎಲ್‌ಎ ಎಂದಿರುತ್ತದೆ. ಎಲ್, ಎಚ್ ಎರಡೂ ನೀರಿನ ನಲ್ಲಿ ಇದ್ದ ಹಾಗೆ: ಬಲಕ್ಕೆ ತಿರುಗಿಸಿದರೆ ಪೆಟ್ರೋಲ್ ಕಮ್ಮಿ, ಎಡಕ್ಕೆ ತಿರುಗಿಸಿದರೆ ಜಾಸ್ತಿ. ಟಿ ಪೆಟ್ರೋಲ್ ಬಿಡುವ ಸ್ಕ್ರೂ ಅಲ್ಲ. ಅದು ಒಳಗಿನ ರೇಸ್ ತಗಡನ್ನು ಸ್ವಲ್ಪ ತೆರೆದು ಹಿಡಿಯುತ್ತದೆ, ಅಷ್ಟೆ. ಬಲಕ್ಕೆ ತಿರುಗಿಸಿದರೆ ಐಡಲಿಂಗ್ ಏರುತ್ತದೆ.

ಎಲ್ಲ ಮಿಷಿನ್ನಿಗೂ ಮೂರು ಸ್ಕ್ರೂ ಇರಲೇಬೇಕೆಂದಿಲ್ಲ. ಕೆಲವದರಲ್ಲಿ ಎಚ್ ಇರುವುದಿಲ್ಲ, ಒಳಗೆ ಜೆಟ್, ಅಂದರೆ ಪೆಟ್ರೋಲಿಗೆ ಅಳತೆ ಮಾಡಿ ಕೊರೆದ ತೂತು ಇರುತ್ತದೆ. ಎಂ-ಟ್ರಾನಿಕ್, ಆಟೋಟ್ಯೂನ್ ಥರದ ಮಿಷಿನ್‌ಗಳು ಪೆಟ್ರೋಲನ್ನು ತಾವೇ ಸರಿಮಾಡಿಕೊಳ್ಳುತ್ತವೆ. ಅವುಗಳಲ್ಲಿ ಇಲ್ಲದ ಸ್ಕ್ರೂ ಹುಡುಕುತ್ತಾ ಕೂರಬೇಡಿ.

## ಹಂತ 2: ಹಳೆ ಪೆಟ್ರೋಲ್ ಚೆಲ್ಲಿ

ಇದನ್ನು ಹೇಳಿದರೆ ಯಾರೂ ಕೇಳುವುದಿಲ್ಲ, ಆದರೆ ಅರ್ಧ ಕಾಯಿಲೆ ಇಲ್ಲೇ ಇರುತ್ತದೆ. ಈಗ ಬಂಕ್‌ಗಳಲ್ಲಿ ಸಿಗುವುದು ಇ20, ಅಂದರೆ ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಗಾಳಿಯ ತೇವ ಹೀರುತ್ತದೆ. ನೀರು ಜಾಸ್ತಿಯಾದಾಗ ಎಥನಾಲ್ ನೀರಿನ ಜೊತೆ ಸೇರಿ ತಳಕ್ಕೆ ಇಳಿಯುತ್ತದೆ. ಟ್ಯಾಂಕಿನ ಫಿಲ್ಟರ್ ಮಲಗಿರುವುದೂ ಅದೇ ತಳದಲ್ಲಿ, ಅಲ್ವಾ? ಮಿಷಿನ್ ಮೊದಲು ಹೀರುವುದೇ ಆ ನೀರನ್ನು. ಕಾರ್ಬ್ ಒಳಗಿನ ರಬ್ಬರ್ ಡಯಾಫ್ರಮ್, ಅಂದರೆ ತೆಳು ಪೊರೆ, ಗಟ್ಟಿಯಾಗುವುದೂ ಬಹಳ ಸಲ ಇದರಿಂದಲೇ.

ಟ್ಯಾಂಕಿನ ಪೆಟ್ರೋಲನ್ನು ಗಾಜಿನ ಬಾಟಲಿಗೆ ಸುರಿದು ಹತ್ತು ನಿಮಿಷ ಬಿಡಿ. ತಳದಲ್ಲಿ ಬೇರೆ ಬಣ್ಣದ ಪದರ ಅಥವಾ ಗುಳ್ಳೆಗುಳ್ಳೆ ನೀರು ಕಂಡರೆ ಅದು ಈ ಮಿಷಿನ್ನಿಗೆ ಬೇಡ. ವಾಸನೆ ನೋಡಿ. ವಾರ್ನಿಷ್ ವಾಸನೆ ಬಂದರೂ ಬೇಡ.

ಹೊಸ ಪೆಟ್ರೋಲಿಗೆ 2ಟಿ ಆಯಿಲ್ (ಟೂ-ಸ್ಟ್ರೋಕ್ ಎಂಜಿನ್ನಿನ ಆಯಿಲ್) ಅಳತೆ ಮಾಡಿ ಹಾಕಿ. 25ಕ್ಕೆ 1 ಎಂದರೆ ಲೀಟರಿಗೆ 40 ಎಂಎಲ್. 50ಕ್ಕೆ 1 ಎಂದರೆ 20 ಎಂಎಲ್. ನಿಮ್ಮ ಮಿಷಿನ್ನಿಗೆ ಯಾವುದು ಎಂಬುದು ಅದರ ಪುಸ್ತಕದಲ್ಲಿದೆ. ಬಾಟಲಿ ಮುಚ್ಚಳದ ಅಂದಾಜು ಬೇಡ, ಮೆಡಿಕಲ್ ಶಾಪಿನ ಸಿರಿಂಜ್ ಸಾಕು. ಒಂದು ತಿಂಗಳಿಗೆ ಬೇಕಾದಷ್ಟೇ ಕಲಸಿ.

## ಹಂತ 3: ಕಾರ್ಬ್ ಹೊರಗಿನ ನಾಲ್ಕು ಜಾಗ

ಏರ್ ಫಿಲ್ಟರ್ ತೆಗೆಯಿರಿ. ತಿಪಟೂರು, ಗುಬ್ಬಿ ಕಡೆ ತೆಂಗಿನ ಮರ ಕೊಯ್ಯುವವರ ಫಿಲ್ಟರ್ ಒಂದೇ ದಿನದಲ್ಲಿ ಕಟ್ಟಿಕೊಳ್ಳುತ್ತದೆ. ತೆಂಗಿನ ಪುಡಿಯಲ್ಲಿ ನಾರು ಜಾಸ್ತಿ. ಫಿಲ್ಟರ್ ಕಟ್ಟಿದಾಗ ಗಾಳಿ ಕಮ್ಮಿಯಾಗಿ ಹೊಗೆ ಬರುತ್ತದೆ. ಜನ ಅದನ್ನು ನೋಡಿ ಎಚ್ ಬಿಗಿಯುತ್ತಾರೆ. ನಾಳೆ ಫಿಲ್ಟರ್ ತೊಳೆದು ಹಾಕಿದಾಗ ಗಾಳಿ ಪೂರ್ತಿ ಬರುತ್ತದೆ, ಪೆಟ್ರೋಲ್ ಸಾಲುವುದಿಲ್ಲ, ಪಿಸ್ಟನ್ ಹಿಡಿಯುತ್ತದೆ. ಮೊದಲು ಫಿಲ್ಟರ್, ಆಮೇಲೆ ಟ್ಯೂನಿಂಗ್.

ಪ್ಲಗ್ ಬಿಚ್ಚಿ ತುದಿ ನೋಡಿ. ಕಂದು ಬಣ್ಣ ಇದ್ದರೆ ಸರಿ. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲ್ ಜಾಸ್ತಿ. ಬೆಳ್ಳಗೆ ಸುಟ್ಟ ಹಾಗಿದ್ದರೆ ಪೆಟ್ರೋಲ್ ಕಮ್ಮಿ, ಆ ಮಿಷಿನ್ ಇನ್ನು ಒಂದು ಮರವನ್ನೂ ಕೊಯ್ಯಬಾರದು.

ಟ್ಯಾಂಕಿನೊಳಗಿನ ಪೆಟ್ರೋಲ್ ಫಿಲ್ಟರನ್ನು ತಂತಿ ಕೊಕ್ಕೆಯಿಂದ ಎಳೆದು ನೋಡಿ. ಕಪ್ಪಾಗಿದ್ದರೆ ಬದಲಿಸಿ, ತೊಳೆಯಲು ಹೋಗಬೇಡಿ. ಪೈಪ್ ಬಗ್ಗಿಸಿ ನೋಡಿ. ಬಿರುಕು ಕಂಡರೆ ಅದನ್ನೂ ಬದಲಿಸಿ.

ನಾಲ್ಕನೆಯದು ಟ್ಯಾಂಕಿನ ಗಾಳಿ ರಂಧ್ರ. ಐದು ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಬಾಯಾರಿದ ಹಾಗೆ ನಿಲ್ಲುತ್ತಿದ್ದರೆ, ನಿಂತ ತಕ್ಷಣ ಮುಚ್ಚಳ ಸಡಿಲ ಮಾಡಿ. ಸುಸ್ ಎಂದು ಗಾಳಿ ಒಳಗೆ ಹೋಗಿ, ಮಿಷಿನ್ ಮತ್ತೆ ಓಡಿದರೆ ತಪ್ಪು ಕಾರ್ಬ್‌ನದಲ್ಲ. ಗಾಳಿ ರಂಧ್ರ ಮುಚ್ಚಿಕೊಂಡಿದೆ. ಬಿಸಿ ಸೈಲೆನ್ಸರ್ ಮೇಲೆ ಪೆಟ್ರೋಲ್ ಚೆಲ್ಲದ ಹಾಗೆ ಮುಚ್ಚಳ ಮೇಲೆ ಬರುವಂತೆ ಇಟ್ಟು ಇದನ್ನು ಮಾಡಿ.

## ಹಂತ 4: ಕಳ್ಳ ಗಾಳಿ ಇದೆಯಾ?

ಕಾರ್ಬ್‌ನಿಂದ ಸಿಲಿಂಡರಿಗೆ ಹೋಗುವ ರಬ್ಬರ್ ಬೂಟ್ ಒಡೆದರೆ, ಅಥವಾ ಎಂಜಿನ್ ಶಾಫ್ಟಿನ ಕ್ರ್ಯಾಂಕ್ ಸೀಲ್ ಸವೆದರೆ, ಫಿಲ್ಟರ್ ದಾಟದ ಗಾಳಿ ಒಳಗೆ ನುಗ್ಗುತ್ತದೆ. ಇದರ ಗುರುತು ಹೀಗಿದೆ: ರೇಸ್ ಬಿಟ್ಟರೂ ವೇಗ ಇಳಿಯಲು ತಡ ಮಾಡುತ್ತದೆ. ಐಡಲಿಂಗ್ ತಾನೇ ಏರುತ್ತದೆ, ಇಳಿಯುತ್ತದೆ. ಮಿಷಿನ್ ಎಡಕ್ಕೆ ಬಲಕ್ಕೆ ವಾಲಿಸಿದರೆ ಸೌಂಡ್ ಬದಲಾಗುತ್ತದೆ. ಎಲ್ ಸ್ಕ್ರೂ ಎಷ್ಟು ತಿರುಗಿಸಿದರೂ ಒಂದೇ ಥರ ಓಡುತ್ತದೆ.

ಇದರಲ್ಲಿ ಎರಡು ಕಂಡರೂ ಟ್ಯೂನಿಂಗ್ ನಿಲ್ಲಿಸಿ. ಕಾರ್ಬ್ ನಟ್ ಬಿಗಿ ಇದೆಯಾ ನೋಡಿ. ಮಿಷಿನ್ ಆರಿದ ಮೇಲೆ ಬೂಟನ್ನು ಬೆರಳಿಂದ ಬಗ್ಗಿಸಿ ಟಾರ್ಚ್ ಹಾಕಿ. ಬಿರುಕು ಸುಮ್ಮನೆ ಕಾಣುವುದಿಲ್ಲ, ಬಗ್ಗಿಸಿದಾಗಲೇ ಬಾಯಿ ಬಿಡುವುದು. ಓಡುವ ಬಿಸಿ ಮಿಷಿನ್ ಮೇಲೆ ಕ್ಲೀನರ್ ಸ್ಪ್ರೇ ಹೊಡೆದು ಪರೀಕ್ಷೆ ಮಾಡುವವರನ್ನು ನೋಡಿದ್ದೇನೆ. ಬೆಂಕಿ ಹತ್ತುತ್ತದೆ, ಮಾಡಬೇಡಿ. ಸೀಲ್ ಸೋರಿಕೆಯಾದರೆ ಒತ್ತಡ ಪರೀಕ್ಷೆ ಮಾಡಬಲ್ಲ ಮೆಕ್ಯಾನಿಕ್ ಹತ್ತಿರ ಒಯ್ಯಿರಿ.

## ಹಂತ 5: ಟ್ಯೂನಿಂಗ್

ಈಗ ಸ್ಕ್ರೂಗೆ ಬನ್ನಿ. ಬಾರ್ (ಚೈನ್ ಓಡುವ ಉದ್ದ ಪಟ್ಟಿ), ಚೈನ್ ಎರಡೂ ಮಿಷಿನ್ ಮೇಲಿರಲಿ, ಚೈನ್ ಹರಿತ ಇರಲಿ, ಬಿಗಿ ಸರಿ ಇರಲಿ. ಮಿಷಿನ್ ಗಟ್ಟಿ ನೆಲದ ಮೇಲೆ, ಬಾರ್ ಮುಂದೆ ಖಾಲಿ ಜಾಗ, ಹತ್ತಿರ ಮಕ್ಕಳು ಬೇಡ. ಬೀಡಿ ಸಿಗರೇಟು ದೂರ. ಚೈನ್ ಬ್ರೇಕ್ ಹಾಕಿಕೊಂಡು ಪೂರ್ತಿ ರೇಸ್ ಕೊಡಬೇಡಿ, ಕ್ಲಚ್ ಸುಡುತ್ತದೆ.

ಮೊದಲು ಹಳೆ ಸೆಟ್ಟಿಂಗ್ ಬರೆದಿಡಿ. ಎಲ್, ಎಚ್ ಸ್ಕ್ರೂ ಒಂದೊಂದಾಗಿ ಬಲಕ್ಕೆ ತಿರುಗಿಸುತ್ತಾ ಸುತ್ತು ಎಣಿಸಿ. ತಳ ತಾಗಿದ್ದು ಬೆರಳಿಗೆ ಗೊತ್ತಾದ ಕೂಡಲೇ ನಿಲ್ಲಿಸಿ. ಜೋರು ಮಾಡಿ ಬಿಗಿದರೆ ಸ್ಕ್ರೂವಿನ ಸೂಜಿಯಂಥ ತುದಿ ಕೆಡುತ್ತದೆ, ಆಮೇಲೆ ಸೆಟ್ಟಿಂಗ್ ಯಾವತ್ತೂ ನಿಲ್ಲುವುದಿಲ್ಲ. ನಂತರ ಎರಡನ್ನೂ ಎಡಕ್ಕೆ ಒಂದೊಂದು ಸುತ್ತು ತೆರೆಯಿರಿ. ಬಹಳಷ್ಟು ಮಿಷಿನ್ನಿಗೆ ಇದು ಶುರುವಿನ ಜಾಗ. ಪುಸ್ತಕದಲ್ಲಿ ಬೇರೆ ಇದ್ದರೆ ಅದನ್ನೇ ಹಿಡಿಯಿರಿ. ಸ್ಟಾರ್ಟ್ ಮಾಡಿ, ನಾಲ್ಕೈದು ನಿಮಿಷ ಸಣ್ಣ ಕಟ್ಟಿಗೆ ಕೊಯ್ದು ಬಿಸಿ ಮಾಡಿ. ತಣ್ಣಗಿನ ಎಂಜಿನ್ನಿನಲ್ಲಿ ಮಾಡಿದ ಟ್ಯೂನಿಂಗ್ ಬಿಸಿಯಾದ ಮೇಲೆ ನಿಲ್ಲುವುದಿಲ್ಲ.

ಎಲ್ ಮೊದಲು. ಐಡಲಿಂಗಿನಲ್ಲಿ ಬಿಟ್ಟು ಎಲ್ ಅನ್ನು ನಿಧಾನಕ್ಕೆ ಬಲಕ್ಕೆ ತಿರುಗಿಸಿ. ವೇಗ ಏರಿ, ಒಂದು ಹಂತದಲ್ಲಿ ಬೀಳಲು ಶುರುವಾಗುತ್ತದೆ. ಅಲ್ಲಿಂದ ಎಡಕ್ಕೆ ಬನ್ನಿ. ಮತ್ತೆ ಏರಿ, ಆಮೇಲೆ ಗುಡುಗುಡು ಎಂದು ಭಾರವಾಗುತ್ತದೆ. ಈ ಎರಡರ ನಡುವೆ ವೇಗ ಅತಿ ಜಾಸ್ತಿ ಇರುವ ಜಾಗ ಹುಡುಕಿ, ಅಲ್ಲಿಂದ ಅರೆಕಾಲು ಸುತ್ತು (ಸುತ್ತಿನ ಎಂಟನೇ ಒಂದು ಪಾಲು) ಎಡಕ್ಕೆ ಬಿಡಿ. ಈಗ ರೇಸ್ ಒಮ್ಮೆಲೇ ಒತ್ತಿ. ತಡೆಯಿಲ್ಲದೆ ಏರಬೇಕು. ಒಂದು ಕ್ಷಣ ಉಸಿರು ಕಟ್ಟಿದ ಹಾಗಾದರೆ ಇನ್ನೂ ಸ್ವಲ್ಪ ಎಡಕ್ಕೆ. ಹೊಗೆ ಕಾರಿ ತೊದಲುತ್ತಾ ಏರಿದರೆ ಸ್ವಲ್ಪ ಬಲಕ್ಕೆ.

ಆಮೇಲೆ ಟಿ. ಐಡಲಿಂಗಿನಲ್ಲಿ ಚೈನ್ ತಿರುಗುತ್ತಿದ್ದರೆ ಟಿ ಎಡಕ್ಕೆ. ಮಿಷಿನ್ ಆಫ್ ಆಗುತ್ತಿದ್ದರೆ ಬಲಕ್ಕೆ. ಸಾಮಾನ್ಯವಾಗಿ ನಿಮಿಷಕ್ಕೆ 2,700ರಿಂದ 3,000 ಸುತ್ತು ಇದ್ದರೆ ಸರಿ. ಅಳೆಯುವ ಮೀಟರ್ ಇಲ್ಲದಿದ್ದರೆ ಚೈನನ್ನೇ ನೋಡಿ. ಎಂಜಿನ್ ನಿಲ್ಲದೆ ಓಡಬೇಕು, ಚೈನ್ ಅಲ್ಲಾಡಬಾರದು. ಐಡಲಿಂಗಿನಲ್ಲಿ ಚೈನ್ ತಿರುಗುವ ಮಿಷಿನ್ ಹಿಡಿದು ಮರ ಹತ್ತಿದವನಿಗೆ ಕಾಲು ಉಳಿಯುವುದು ಅದೃಷ್ಟ. ಟಿ ಪೂರ್ತಿ ಎಡಕ್ಕೆ ಬಿಟ್ಟರೂ ತಿರುಗುತ್ತಿದ್ದರೆ ಹಂತ 4ಕ್ಕೆ ವಾಪಸ್ ಹೋಗಿ, ಕ್ಲಚ್ ಸ್ಪ್ರಿಂಗ್ ಕೂಡ ನೋಡಿ.

ಕೊನೆಗೆ ಎಚ್. ಇದೇ ಪಿಸ್ಟನ್ ತಿನ್ನುವ ಸ್ಕ್ರೂ. ಪೂರ್ತಿ ರೇಸ್ ಎರಡು ಮೂರು ಸೆಕೆಂಡ್ ಮಾತ್ರ ಕೊಡಿ, ಬಿಡಿ, ಕೇಳಿ. ಪೆಟ್ರೋಲ್ ಸ್ವಲ್ಪ ಜಾಸ್ತಿ ಇದ್ದಾಗ ಸೌಂಡ್ ಒಡೆದೊಡೆದು ಬರುತ್ತದೆ, ಬ್ರ್‌ರ್‌ರ್ ಎಂದು ಗಂಟಲಲ್ಲಿ ನೀರಿದ್ದ ಹಾಗೆ. ಕಮ್ಮಿ ಇದ್ದಾಗ ಕೀ ಎಂದು ನುಣ್ಣಗೆ, ಚೂಪಾಗಿ ಕೂಗುತ್ತದೆ. ಕಿವಿಗೆ ಇಂಪಾಗಿರುವುದು ಎರಡನೆಯದು. ಆ ಹುಡುಗ ಮೋಸ ಹೋಗಿದ್ದು ಅಲ್ಲೇ. ಕಮ್ಮಿ ಪೆಟ್ರೋಲ್ ಎಂದರೆ ಕಮ್ಮಿ ಆಯಿಲ್ ಕೂಡ, ಏಕೆಂದರೆ ಆಯಿಲ್ ಒಳಗೆ ಹೋಗುವುದೇ ಪೆಟ್ರೋಲ್ ಜೊತೆ.

ಎಚ್ ಅನ್ನು ಎಡಕ್ಕೆ ತಿರುಗಿಸಿ ಒಡೆದ ಸೌಂಡ್ ಬರಿಸಿ. ನಂತರ ಬರೀ ಕೂದಲೆಳೆಯಷ್ಟು ಬಲಕ್ಕೆ ತರುತ್ತಾ ಹೋಗಿ. ಸರಿಯಾದ ಜಾಗ ಎಂದರೆ ಖಾಲಿ ರೇಸಿನಲ್ಲಿ ಸೌಂಡ್ ಒಡೆದಿರಬೇಕು, ಬಾರ್ ಮರಕ್ಕೆ ಇಳಿದ ಕೂಡಲೇ ನುಣ್ಣಗಾಗಬೇಕು, ಬಾರ್ ಎತ್ತಿದರೆ ಮತ್ತೆ ಒಡೆಯಬೇಕು. ಮರದೊಳಗೂ ಒಡೆಯುತ್ತಿದ್ದರೆ ಇನ್ನೂ ಜಾಸ್ತಿ ಇದೆ. ಖಾಲಿಯಲ್ಲೂ ನುಣ್ಣಗಿದ್ದರೆ ತಕ್ಷಣ ಎಡಕ್ಕೆ. ಅನುಮಾನ ಬಂದರೆ ಎಡಕ್ಕೇ ಬಿಡಿ. ಸ್ವಲ್ಪ ಹೊಗೆಗೆ ದುಡ್ಡು ಹೋಗುವುದಿಲ್ಲ, ಸಿಲಿಂಡರಿಗೆ ಹೋಗುತ್ತದೆ.

ಒಂದು ಎಚ್ಚರಿಕೆ. ಕೆಲವು ಮಿಷಿನ್‌ಗಳಲ್ಲಿ ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್, ವೇಗ ಮಿತಿ ಮೀರಿದಾಗ ಕಿಡಿ ತಪ್ಪಿಸುತ್ತದೆ. ಆಗಲೂ ಇಂಥದ್ದೇ ಒಡೆದ ಸೌಂಡ್ ಬರುತ್ತದೆ. ಅಂಥವಕ್ಕೆ ಖಾಲಿ ರೇಸ್ ನಂಬಬೇಡಿ, ಮರದಲ್ಲಿ ಓಡಿಸಿ, ಪ್ಲಗ್ ಬಣ್ಣ ನೋಡಿ ತೀರ್ಮಾನಿಸಿ.

ಎಚ್ ಮುಟ್ಟಿದ ಮೇಲೆ ಎಲ್, ಟಿ ಇನ್ನೊಮ್ಮೆ ನೋಡಿ. ಒಂದು ಅಲುಗಾಡಿದರೆ ಇನ್ನೊಂದೂ ಅಲುಗಾಡುತ್ತದೆ.

## ಹಂತ 6: ಸ್ಕ್ರೂಗೆ ಬಗ್ಗದಿದ್ದರೆ ಬಿಚ್ಚಿ

ಸ್ಕ್ರೂ ಎರಡು ಸುತ್ತು ತೆರೆದರೂ ಪೆಟ್ರೋಲ್ ಸಾಲದ ಹಾಗೆ ಓಡುತ್ತಿದ್ದರೆ, ಅಥವಾ ನಿಂತಲ್ಲೇ ಕಾರ್ಬ್‌ನಿಂದ ಪೆಟ್ರೋಲ್ ಸೋರುತ್ತಿದ್ದರೆ, ಒಳಗೆ ಕೆಲಸ ಇದೆ.

ಮಿಷಿನ್ ತಣ್ಣಗಾಗಲಿ. ಪ್ಲಗ್ ವೈರ್ ಕೀಳಿ. ಟ್ಯಾಂಕ್ ಖಾಲಿ ಮಾಡಿ. ಸುತ್ತಲಿನ ಪುಡಿ ಬ್ರಶ್ಶಿನಿಂದ ತೆಗೆದ ಮೇಲೆ ಕಾರ್ಬ್ ಹೊರಕ್ಕೆ ತನ್ನಿ, ಸಿಲಿಂಡರ್ ಬಾಯಿಗೆ ಬಟ್ಟೆ ತುರುಕಿ. ಪ್ರತಿ ಹೆಜ್ಜೆಗೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ರೇಸ್ ಕಡ್ಡಿ, ಚೋಕ್ ಕಡ್ಡಿ ಯಾವ ತೂತಿನಲ್ಲಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಸಿಗುವುದಿಲ್ಲ.

ಕಾರ್ಬ್ ಮೈಮೇಲೆ ಕೆತ್ತಿದ ನಂಬರ್ ಇರುತ್ತದೆ. ರಿಪೇರಿ ಕಿಟ್ ತರುವುದು ಆ ನಂಬರ್ ನೋಡಿ, ಮಿಷಿನ್ ಬಣ್ಣ ನೋಡಿ ಅಲ್ಲ. ಸೂಜಿ, ಲಿವರ್, ಸ್ಪ್ರಿಂಗ್ ಎಲ್ಲ ಇರುವ ಪೂರ್ತಿ ಕಿಟ್ ತನ್ನಿ.

ಪಂಪ್ ಕಡೆ. ಇದು ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಕಡೆ. ಒಂದೇ ಸ್ಕ್ರೂ ಇರುವ ಮುಚ್ಚಳ ಸಾಮಾನ್ಯವಾಗಿ ಪಂಪ್ ಕಡೆಯದು. ಅದರಡಿ ತೆಳು ಪೊರೆ ಇದೆ, ಅದರಲ್ಲಿ ಎರಡು ಸಣ್ಣ ನಾಲಿಗೆ ಕತ್ತರಿಸಿದೆ. ನಾಲಿಗೆ ಸುರುಳಿ ಸುತ್ತಿದ್ದರೆ, ಪೊರೆ ಪೇಪರಿನ ಹಾಗೆ ಸದ್ದು ಮಾಡಿದರೆ ಬದಲಿಸಿ. ಅದರ ಹತ್ತಿರವೇ ಕಿರುಬೆರಳ ಉಗುರಿಗಿಂತ ಸಣ್ಣ ಜಾಲರಿ ಕೂತಿರುತ್ತದೆ. ಹೊಲಿಗೆ ಸೂಜಿಯ ತುದಿಯಿಂದ ಎತ್ತಿ ಬಿಳಿ ಬಟ್ಟೆ ಮೇಲೆ ಇಡಿ. ಬೆಲ್ಲದ ಪಾಕದ ಬಣ್ಣದ ಅಂಟು ಕಂಡರೆ, ರೇಸ್ ಕೊಟ್ಟಾಗ ಮಿಷಿನ್ ಸಾಯುತ್ತಿದ್ದದ್ದು ಇದರಿಂದಲೇ. ಬಹಳ ಸಲ ಇದನ್ನೊಂದು ತೊಳೆದು ಹಾಕಿದ್ದಕ್ಕೇ ಮಿಷಿನ್ ಎದ್ದಿದೆ.

ಅಳತೆ ಕಡೆ. ಇದು ಒಳಗೆ ಬರುವ ಪೆಟ್ರೋಲನ್ನು ಅಳತೆಯಲ್ಲಿಡುವ ಕಡೆ. ನಾಲ್ಕು ಸ್ಕ್ರೂ ಇರುವ ಮುಚ್ಚಳದಡಿ ದೊಡ್ಡ ಡಯಾಫ್ರಮ್, ಅದರಡಿ ಲಿವರ್, ಪೆಟ್ರೋಲ್ ತಡೆಯುವ ಸೂಜಿ, ಸ್ಪ್ರಿಂಗ್. ಲಿವರ್ ಬಿಚ್ಚುವ ಮೊದಲು ಕಾರ್ಬ್ ಮೇಲೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು, ಲಿವರ್ ತುದಿ ಸ್ಕೇಲಿಗಿಂತ ಎಷ್ಟು ಕೆಳಗಿದೆ ನೋಡಿ ಫೋಟೋ ತೆಗೆಯಿರಿ. ಹೊಸದನ್ನೂ ಅಷ್ಟೇ ಎತ್ತರಕ್ಕೆ ಕೂರಿಸಬೇಕು. ಎತ್ತರ ಜಾಸ್ತಿಯಾದರೆ ಪೆಟ್ರೋಲ್ ತುಂಬಿ ಹರಿಯುತ್ತದೆ, ಕಮ್ಮಿಯಾದರೆ ಮಿಷಿನ್ ಹಸಿದು ಸಾಯುತ್ತದೆ. ಸ್ಪ್ರಿಂಗನ್ನು ಎಳೆಯಬೇಡಿ, ಕತ್ತರಿಸಬೇಡಿ.

ಸೂಜಿ ತುದಿಯನ್ನು ಟಾರ್ಚ್ ಬೆಳಕಿಗೆ ಹಿಡಿದು ತಿರುಗಿಸಿ. ನಯವಾದ ಕೋನದ ಮೇಲೆ ಉಂಗುರದ ಹಾಗೆ ಸಣ್ಣ ಗೆರೆ ಕಂಡರೆ ಅದು ಸೋರುವ ಸೂಜಿ.

ತೊಳೆಯುವುದು. ರಬ್ಬರ್, ಪೊರೆ, ಗ್ಯಾಸ್ಕೆಟ್ ಎಲ್ಲ ಪಕ್ಕಕ್ಕೆ ಹೋದ ಮೇಲೆ ಮಾತ್ರ ಸ್ಪ್ರೇ ಹೊಡೆಯಿರಿ. ಕಣ್ಣಿಗೆ ಕನ್ನಡಕ ಹಾಕಿ, ಒಂದು ತೂತಿಗೆ ಹೊಡೆದದ್ದು ಇನ್ನೊಂದರಿಂದ ನೇರ ಕಣ್ಣಿಗೆ ಬರುತ್ತದೆ. ಎಲ್, ಎಚ್ ಸ್ಕ್ರೂ ತೆಗೆದು ಅವುಗಳ ದಾರಿಗೂ ಹೊಡೆಯಿರಿ. ಪಿನ್, ಸೈಕಲ್ ಕಡ್ಡಿ, ಗಟ್ಟಿ ತಂತಿ ತೂರಿಸಬೇಡಿ. ತೂತು ಕೂದಲಷ್ಟು ಅಗಲವಾದರೂ ಅಳತೆ ತಪ್ಪುತ್ತದೆ. ಕಟ್ಟಿಕೊಂಡಿದ್ದರೆ ಮೀನು ಗಾಳದ ನೈಲಾನ್ ದಾರ ತೂರಿಸಿ. ಕಂಪ್ರೆಸರ್ ಗಾಳಿಯನ್ನು ದೂರದಿಂದ, ಕಮ್ಮಿ ಒತ್ತಡದಲ್ಲಿ ಹೊಡೆಯಿರಿ.

## ಹಂತ 7: ಜೋಡಿಸಿ, ಪರೀಕ್ಷಿಸಿ

ಜನ ಜಾಸ್ತಿ ತಪ್ಪುವುದು ಗ್ಯಾಸ್ಕೆಟ್ ಸಾಲಿನಲ್ಲಿ. ಸಾಮಾನ್ಯವಾಗಿ ಅಳತೆ ಕಡೆ ಮೊದಲು ಗ್ಯಾಸ್ಕೆಟ್, ಅದರ ಮೇಲೆ ಡಯಾಫ್ರಮ್, ಆಮೇಲೆ ಮುಚ್ಚಳ. ಪಂಪ್ ಕಡೆ ತಿರುಗುಮುರುಗು: ಮೊದಲು ಪೊರೆ, ಅದರ ಮೇಲೆ ಗ್ಯಾಸ್ಕೆಟ್, ಆಮೇಲೆ ಮುಚ್ಚಳ. ನಿಮ್ಮ ಫೋಟೋ ಬೇರೆ ಹೇಳಿದರೆ ಫೋಟೋವನ್ನೇ ನಂಬಿ.

ಮುಚ್ಚಳ ಹಾಕುವ ಮೊದಲು ಪೆಟ್ರೋಲ್ ಬರುವ ಕೊಳವೆಗೆ ಹೊಸ ಶುದ್ಧ ಪೈಪ್ ಸಿಕ್ಕಿಸಿ ಬಾಯಿಂದ ಊದಿ. ಗಾಳಿ ಹೋಗಬಾರದು. ಹೋದರೆ ಸೂಜಿ ಸರಿ ಕೂತಿಲ್ಲ. ಲಿವರ್ ತುದಿ ಒತ್ತಿ ಊದಿದರೆ ಹೋಗಬೇಕು. ಪೆಟ್ರೋಲ್ ಹಿಡಿದ ಹಳೆ ಪೈಪಿಗೆ ಬಾಯಿ ಹಾಕಬೇಡಿ.

ಮಿಷಿನ್ನಿಗೆ ಕೂರಿಸಿ, ಎಲ್, ಎಚ್ ಒಂದೊಂದು ಸುತ್ತು ತೆರೆದು, ಹಂತ 5 ಪೂರ್ತಿ ಮತ್ತೆ ಮಾಡಿ.

## ಹಂತ 8: ಊರು ಬದಲಾದಾಗ, ಕಾಲ ಬದಲಾದಾಗ

ಕೋಲಾರ, ತುಮಕೂರು, ಚಿಕ್ಕಬಳ್ಳಾಪುರ ಎಲ್ಲ ಸಮುದ್ರಮಟ್ಟಕ್ಕಿಂತ ಸುಮಾರು 800ರಿಂದ 900 ಮೀಟರ್ ಎತ್ತರದಲ್ಲಿವೆ. ಇಲ್ಲಿ ಗಾಳಿ ತೆಳು. ಇಲ್ಲಿ ಟ್ಯೂನ್ ಮಾಡಿದ ಮಿಷಿನ್ ಹೊತ್ತು ಮಂಗಳೂರು ಕಡೆ ಕೆಲಸಕ್ಕೆ ಹೋದರೆ ಅಲ್ಲಿನ ದಪ್ಪ ಗಾಳಿಗೆ ಪೆಟ್ರೋಲ್ ಕಮ್ಮಿಯಾಗುತ್ತದೆ. ಹೋದ ದಿನವೇ ಎಚ್ ಕೇಳಿ ನೋಡಿ, ಎಡಕ್ಕೆ ಬಿಡಬೇಕಾಗಬಹುದು. ಚಳಿಗೂ ಇದೇ ಮಾತು. ಏಪ್ರಿಲ್ ಮಧ್ಯಾಹ್ನದ ಬಿಸಿಲಿನಲ್ಲಿ ಹಿಡಿದ ಸೆಟ್ಟಿಂಗ್ ಡಿಸೆಂಬರಿನ ಬೆಳಗಿನ ಜಾವ ನಂದಿ ಬೆಟ್ಟದ ಬುಡದಲ್ಲಿ ಸಾಲುವುದಿಲ್ಲ.

ಕೆಲಸ ಮುಗಿದು ಮಿಷಿನ್ ತಿಂಗಳುಗಟ್ಟಲೆ ಮೂಲೆ ಸೇರುವುದಾದರೆ ಟ್ಯಾಂಕ್ ಖಾಲಿ ಮಾಡಿ, ಸ್ಟಾರ್ಟ್ ಮಾಡಿ, ತಾನೇ ನಿಲ್ಲುವವರೆಗೂ ಐಡಲಿಂಗಿನಲ್ಲಿ ಬಿಡಿ. ಎಚ್, ಎಲ್ ಎಷ್ಟು ಸುತ್ತು ಇತ್ತೆಂದು ಚಿಕ್ಕ ಚೀಟಿಯಲ್ಲಿ ಬರೆದು ಏರ್ ಫಿಲ್ಟರ್ ಮುಚ್ಚಳದ ಒಳಗೆ ಅಂಟಿಸಿ.